ಗ್ಯಾಸ್ ಹಾಕಿದ ಹಳೇ ಎಫ್‌ಸಿ ಟ್ರಕ್ ಏರಿನಲ್ಲಿ ನಿಲ್ಲುತ್ತಿದೆಯಾ? ನೀರಿನಿಂದ ಹುಡುಕಲು ಶುರು ಮಾಡಿ

ಮಹೀಂದ್ರ ಎಫ್‌ಸಿ-150 ಇಟ್ಟುಕೊಂಡವರಿಗೆ ಈ ದೂರು ಹೊಸದಲ್ಲ. ಗಾಡಿ ಪೂರ್ತಿ ಬಿಚ್ಚಿ, ತುಕ್ಕು ತೆಗೆದು, ಪೇಂಟ್ ಹೊಡೆದು, ಹಳೇ ಹರಿಕೇನ್ ಪೆಟ್ರೋಲ್ ಎಂಜಿನ್ನಿಗೆ ಬೋರ್ ಕೆಲಸ ಮಾಡಿಸಿ ಕೂರಿಸಿದ್ದಾಯ್ತು. ಪೆಟ್ರೋಲ್ ರೇಟಿಗೆ ಹೆದರಿ ಎಲ್‌ಪಿಜಿ ಕಿಟ್ ಹಾಕಿಸಿದ್ದೂ ಆಯ್ತು. ಊರೊಳಗೆ ಚೆನ್ನಾಗಿ ಓಡುತ್ತದೆ. ಏರು ಹತ್ತಲು ಶುರು ಮಾಡಿದ ಸ್ವಲ್ಪ ಹೊತ್ತಿಗೆ ಮುಕ್ಕರಿಸುತ್ತದೆ, ಪಿಕಪ್ ಹೋಗುತ್ತದೆ, ಕೊನೆಗೆ ಆಫ್. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗೇ ಇಲ್ಲವೇನೋ ಎಂಬಂತೆ ಸ್ಟಾರ್ಟ್ ಆಗುತ್ತದೆ.

ಎಲ್ಲರೂ ಮೊದಲು ಬೈಯುವುದು ಕಿಟ್‌ಗೆ. ಸ್ಕ್ರೂ ತಿರುಗಿಸುತ್ತಾರೆ, ಗಾಳಿಗೆ ಗ್ಯಾಸ್ ಬೆರೆಸುವ ಮಿಕ್ಸರ್ ಬದಲಾಯಿಸುತ್ತಾರೆ, ಕಿಟ್ ಕೊಟ್ಟವನ ಜೊತೆ ಜಗಳ ಆಡುತ್ತಾರೆ. ನಾನು ನೋಡಿದ ಮಟ್ಟಿಗೆ ಇಂಥ ಹಳೇ ಗಾಡಿಗಳಲ್ಲಿ ತಪ್ಪು ಗ್ಯಾಸ್ ಸಾಮಾನಿನದ್ದು ಆಗಿರುವುದು ಕಮ್ಮಿ. ಎಂಜಿನ್ನಿನಲ್ಲಿ ಮೊದಲಿಂದ ಇದ್ದ ರೋಗವನ್ನು ಪೆಟ್ರೋಲ್ ಮುಚ್ಚಿಟ್ಟಿರುತ್ತದೆ. ಗ್ಯಾಸ್ ಅದನ್ನು ಹೊರಗೆ ಎಳೆಯುತ್ತದೆ. ಹಾಗಾಗಿ ಹುಡುಕುವ ಕ್ರಮ ಇದು: ನೀರು, ಕಿಡಿ, ಗಾಳಿ. ಈ ಮೂರೂ ಸರಿ ಇದ್ದರೆ ಮಾತ್ರ ಗ್ಯಾಸ್.

ಶುರು ಮಾಡುವ ಮುಂಚೆ

ಎಲ್‌ಪಿಜಿ ಗಾಳಿಗಿಂತ ಭಾರ. ಪ್ರೊಪೇನ್ ಸುಮಾರು ಒಂದೂವರೆ ಪಟ್ಟು, ಬ್ಯೂಟೇನ್ ಹತ್ತಿರ ಹತ್ತಿರ ಎರಡು ಪಟ್ಟು. ಸೋರಿದರೆ ಮೇಲೆ ಹೋಗಿ ಚದುರುವುದಿಲ್ಲ, ತಗ್ಗು ಹುಡುಕಿಕೊಂಡು ಕೂರುತ್ತದೆ. ಗ್ಯಾರೇಜ್ ಗುಂಡಿಯ ಮೇಲೆ ಗಾಡಿ ನಿಲ್ಲಿಸಿ ಈ ಕೆಲಸ ಮಾಡಲೇಬೇಡಿ.

ಎಫ್‌ಸಿಯಲ್ಲಿ ಇನ್ನೊಂದು ಅಪಾಯ ಇದೆ. ಇದು ಮೂತಿ ಇಲ್ಲದ ಗಾಡಿ. ಎಂಜಿನ್ ಕೂತಿರುವುದು ಕ್ಯಾಬಿನ್ ಒಳಗೆ, ಎರಡು ಸೀಟಿನ ನಡುವೆ, ಒಂದು ತಗಡಿನ ಮುಚ್ಚಳದ ಕೆಳಗೆ. ಆ ಮುಚ್ಚಳದ ಸುತ್ತ ರಬ್ಬರ್ ಬೀಡಿಂಗ್ ಇಲ್ಲದಿದ್ದರೆ ಸೋರಿದ ಗ್ಯಾಸ್ ನೇರವಾಗಿ ನಿಮ್ಮ ಕಾಲಬುಡಕ್ಕೆ ಬರುತ್ತದೆ. ರೆಸ್ಟೋರ್ ಮಾಡುವಾಗ ಸೀಟು, ಡ್ಯಾಶ್‌ಬೋರ್ಡ್ ಮೇಲೆ ದುಡ್ಡು ಸುರಿದು ಈ ಬೀಡಿಂಗ್ ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ. ಮೊದಲು ಅದನ್ನು ಹಾಕಿಸಿ. ಜಾಯಿಂಟ್‌ಗಳಿಗೆಲ್ಲ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತಾ ನೋಡಿ. ವಾಸನೆ ಬಂದರೆ ಟ್ಯಾಂಕ್ ವಾಲ್ವ್ ಬಂದ್ ಮಾಡಿ, ಬಾಗಿಲು ತೆಗೆದಿಡಿ, ಸ್ವಿಚ್ ಮುಟ್ಟಬೇಡಿ.

ಅಡುಗೆಮನೆಯ 14.2 ಕೆಜಿ ಕೆಂಪು ಸಿಲಿಂಡರ್ ಹಾಕಿಕೊಂಡು ಓಡಿಸುವವರಿಗೆ ಈ ಬರಹದಿಂದ ಉಪಯೋಗ ಇಲ್ಲ. ಅದು ಕಾನೂನುಬಾಹಿರ, ಅಪಾಯ ಕೂಡ. ಆಟೋ ಎಲ್‌ಪಿಜಿ ಟ್ಯಾಂಕಿನಲ್ಲಿ 80 ಪರ್ಸೆಂಟ್ ತುಂಬಿದ ಮೇಲೆ ತಾನೇ ನಿಲ್ಲುವ ವಾಲ್ವ್ ಇರುತ್ತದೆ, ಪೈಪ್ ತುಂಡಾದರೆ ಹರಿವು ಕಟ್ ಮಾಡುವ ವಾಲ್ವ್ ಇರುತ್ತದೆ. ಮನೆ ಸಿಲಿಂಡರ್‌ನಲ್ಲಿ ಇವು ಯಾವುವೂ ಇಲ್ಲ.

ಒಂದು ಸುಲಭದ ಪರೀಕ್ಷೆ

ಅದೇ ಏರು, ಅದೇ ಗೇರ್, ಅದೇ ಲೋಡ್. ಒಂದು ಸಲ ಪೆಟ್ರೋಲ್‌ನಲ್ಲಿ ಹತ್ತಿಸಿ, ಒಂದು ಸಲ ಗ್ಯಾಸ್‌ನಲ್ಲಿ.

ಪೆಟ್ರೋಲ್‌ನಲ್ಲೂ ಮಿಸ್ಸಿಂಗ್ ಇದ್ದರೆ ಕಿಟ್ ಮರೆತುಬಿಡಿ, ಎಂಜಿನ್ ನೋಡಿ. ಪೆಟ್ರೋಲ್‌ನಲ್ಲಿ ಸರಿ ಇದ್ದು, ಗ್ಯಾಸ್‌ನಲ್ಲಿ ಆಕ್ಸಿಲರೇಟರ್ ಒತ್ತಿದ ತಕ್ಷಣ ಜರ್ಕ್ ಹೊಡೆದರೆ ಕಿಡಿ ಸಾಲುತ್ತಿಲ್ಲ. ಶುರುವಿನಲ್ಲಿ ಚೆನ್ನಾಗಿ ಎಳೆದು ಐದು ಹತ್ತು ನಿಮಿಷದ ಮೇಲೆ ಸಾಯುತ್ತಾ ಬಂದರೆ ನೀರಿನ ಕಡೆ ಹೋಗಿ. ಓಡುವಾಗ ಚೆನ್ನಾಗಿದ್ದು ಐಡ್ಲಿಂಗ್ ಮಾತ್ರ ನಿಲ್ಲುತ್ತಿಲ್ಲ ಎಂದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಜರ್ಕೂ ಇಲ್ಲ, ಆಫೂ ಆಗುವುದಿಲ್ಲ, ಬರೀ ಶಕ್ತಿ ಇಲ್ಲ ಎಂದರೆ ಗ್ಯಾಸ್ ಹರಿವು, ಇಲ್ಲಾ ಎಂಜಿನ್ನಿನ ವಾಲ್ವ್.

ಇಲ್ಲಿ ಒಂದು ಮಾತು. ಮಿಕ್ಸರ್ ಇರುವ ಕಿಟ್‌ನಲ್ಲಿ ಸ್ವಲ್ಪ ಶಕ್ತಿ ಹೋಗಿಯೇ ಹೋಗುತ್ತದೆ, ಯಾಕೆಂದರೆ ಗ್ಯಾಸ್ ಒಳಗೆ ಬರುವ ಗಾಳಿಯ ಜಾಗವನ್ನು ತಿನ್ನುತ್ತದೆ. ಈ 2,199 ಸಿಸಿ ಎಂಜಿನ್ ಹೊಸದರಲ್ಲಿ ಕೊಡುತ್ತಿದ್ದದ್ದೇ ಸುಮಾರು 75 ಅಶ್ವಶಕ್ತಿ. ಕಂಪ್ರೆಷನ್ 7ರ ಆಸುಪಾಸು. ಎಲ್‌ಪಿಜಿಯ ಆಕ್ಟೇನ್ 100ರ ಮೇಲಿದ್ದರೂ ಇಷ್ಟು ಕಮ್ಮಿ ಕಂಪ್ರೆಷನ್‌ನಲ್ಲಿ ಅದರ ಲಾಭ ಸಿಗುವುದಿಲ್ಲ. ಏರಿನಲ್ಲಿ ಒಂದು ಗೇರ್ ಕೆಳಗೆ ಹೋಗಬೇಕಾಗಿ ಬಂದರೆ ಅದನ್ನು ದೋಷ ಅಂತ ಲೆಕ್ಕ ಹಾಕಬೇಡಿ.

ನೀರು

ಟ್ಯಾಂಕಿನಿಂದ ಗ್ಯಾಸ್ ದ್ರವವಾಗಿ ಬರುತ್ತದೆ. ವೇಪರೈಸರ್‌ನಲ್ಲಿ ಅದು ಆವಿಯಾಗಬೇಕು. ಮೆಕ್ಯಾನಿಕ್‌ಗಳು ಇದನ್ನೇ ರಿಡ್ಯೂಸರ್ ಅನ್ನುತ್ತಾರೆ. ಆವಿಯಾಗಲು ಶಾಖ ಬೇಕು, ಅದನ್ನು ಕೊಡುವುದು ಎಂಜಿನ್ನಿನ ಬಿಸಿ ನೀರು. ಒಂದು ಕೆಜಿ ಎಲ್‌ಪಿಜಿ ಆವಿಯಾಗಲು ಸುಮಾರು 370 ಕಿಲೋಜೂಲ್ ಬೇಕು. ಏರಿನಲ್ಲಿ ಗಂಟೆಗೆ 10 ಕೆಜಿ ಲೆಕ್ಕದಲ್ಲಿ ಕುಡಿದರೆ ಸರಿಸುಮಾರು 1 ಕಿಲೋವ್ಯಾಟ್ ಶಾಖ, ಅಂದರೆ ಬಕೆಟ್ಟಿಗೆ ಹಾಕುವ ಇಮ್ಮರ್ಷನ್ ರಾಡಿನಷ್ಟು, ಬಿಡದೆ ಸಿಗಬೇಕು. ಊರೊಳಗೆ ಇದರ ಕಾಲು ಭಾಗ ಸಾಕು. ಅದಕ್ಕೇ ಊರೊಳಗೆ ತೊಂದರೆ ಕಾಣುವುದಿಲ್ಲ.

ಗಾಡಿ ನಿಂತ ತಕ್ಷಣ ಎಂಜಿನ್ ಮುಚ್ಚಳ ತೆಗೆಯಿರಿ. ತಡ ಮಾಡಿದರೆ ಸಾಕ್ಷಿ ಕರಗಿಹೋಗುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಕೊಟ್ಟಿಗೆಹಾರದ ಕಡೆಗೆ ಹತ್ತುವಾಗ ನಿಂತ ಒಂದು ಎಫ್‌ಸಿಯ ಮುಚ್ಚಳ ತೆಗೆದಾಗ ಎಂಜಿನ್ನಿನ ಬಿಸಿ ಮುಖಕ್ಕೆ ಹೊಡೆಯುತ್ತಿತ್ತು. ಅದರ ಪಕ್ಕದಲ್ಲೇ ವೇಪರೈಸರ್ ಮಾತ್ರ ಬೆಳ್ಳಗೆ ಹಿಮ ಹಿಡಿದು ಕೂತಿತ್ತು. ಉಗುರಿನಿಂದ ಕೆರೆದರೆ ಪುಡಿ ಉದುರುತ್ತಿತ್ತು. ನೀರು ಬರುವ ಹೋಸ್ ಮುಟ್ಟಲಾರದಷ್ಟು ಬಿಸಿ, ಹೋಗುವ ಹೋಸ್ ತಣ್ಣಗೆ. ಒಂದು ಬಿಸಿ, ಒಂದು ತಣ್ಣಗೆ ಎಂದರೆ ನೀರು ತಿರುಗುತ್ತಿಲ್ಲ ಎಂದೇ ಅರ್ಥ. ಎರಡೂ ತಣ್ಣಗಿದ್ದರೆ ಎಂಜಿನ್ನೇ ಕಾದಿಲ್ಲ, ಇಲ್ಲಾ ಹೋಸ್ ತಪ್ಪು ಜಾಗದಲ್ಲಿ ಸೇರಿದೆ.

ಆ ಗಾಡಿಯಲ್ಲಿ ಇದ್ದದ್ದು ಏರ್ ಲಾಕ್. ಎಫ್‌ಸಿಯಲ್ಲಿ ಜಾಗದ ಅಭಾವ. ಫಿಟ್ ಮಾಡುವವರು ಕೈಗೆ ಸಿಗಲಿ ಅಂತ ವೇಪರೈಸರನ್ನು ಮೇಲೆ, ಮುಚ್ಚಳದ ಹತ್ತಿರ ಕೂರಿಸುತ್ತಾರೆ. ಅದು ರೇಡಿಯೇಟರ್‌ನ ಮೇಲಿನ ಟ್ಯಾಂಕಿಗಿಂತ ಎತ್ತರಕ್ಕೆ ಬಂದರೆ ಗಾಳಿಯೆಲ್ಲ ಅಲ್ಲೇ ಸೇರಿಕೊಳ್ಳುತ್ತದೆ, ನೀರು ಒಳಗೆ ನುಗ್ಗುವುದಿಲ್ಲ. ಮೂಗು ಮೇಲೆತ್ತಿಕೊಂಡು ಏರು ಹತ್ತುವಾಗ ನೀರಿನ ಮಟ್ಟವೂ ವಾಲುತ್ತದೆ, ಆಗ ಇನ್ನೂ ಕಷ್ಟ. ಪರಿಹಾರ ಒಂದೇ. ವೇಪರೈಸರನ್ನು ಕೆಳಗೆ, ಚಾಸಿ ಮಟ್ಟಕ್ಕೆ ಇಳಿಸಿ. ಎಂಜಿನ್‌ಗೆ ಅಲ್ಲ, ಚಾಸಿಗೆ ಬಿಗಿಯಿರಿ. ಈ ನಾಲ್ಕು ಸಿಲಿಂಡರ್ ಎಂಜಿನ್ ಐಡ್ಲಿಂಗ್‌ನಲ್ಲಿ ಚೆನ್ನಾಗೇ ಕುಣಿಯುತ್ತದೆ, ಆ ಅಲುಗಾಟಕ್ಕೆ ವೇಪರೈಸರ್ ಒಳಗಿನ ರಬ್ಬರ್ ಪರದೆ, ಅಂದರೆ ಡಯಾಫ್ರಂ, ಸರಿಯಾಗಿ ಕೆಲಸ ಮಾಡುವುದಿಲ್ಲ. ಆಮೇಲೆ ಎಂಜಿನ್ ತಣ್ಣಗಿರುವಾಗ ಗಾಡಿಯ ಮುಂಭಾಗ ಎತ್ತರಕ್ಕೆ ನಿಲ್ಲಿಸಿ, ರೇಡಿಯೇಟರ್ ಮುಚ್ಚಳ ತೆಗೆದು, ವೇಪರೈಸರ್‌ನ ಮೇಲಿನ ಹೋಸ್ ಸಡಿಲ ಮಾಡಿ. ಗುಳ್ಳೆ ನಿಂತು ನೀರು ಧಾರೆಯಾಗಿ ಬರುವ ತನಕ ತುಂಬಿಸಿ.

ಎರಡನೇ ಅಪರಾಧಿ ಥರ್ಮೋಸ್ಟಾಟ್, ಅಂದರೆ ಎಂಜಿನ್ ಕಾಯುವ ತನಕ ರೇಡಿಯೇಟರ್‌ಗೆ ನೀರು ಬಿಡದ ವಾಲ್ವ್. ಅದು ಇದ್ದು ಕೆಟ್ಟಿರುವುದಕ್ಕಿಂತ ಇಲ್ಲದೇ ಇರುವುದೇ ಜಾಸ್ತಿ. ನಮ್ಮ ಕಡೆ ಗಾಡಿ ಬಿಸಿಯಾದರೆ ಥರ್ಮೋಸ್ಟಾಟ್ ಕಿತ್ತು ಬಿಸಾಕುವುದು ಹಳೇ ಚಾಳಿ. ಪೆಟ್ರೋಲ್‌ನಲ್ಲಿ ಅದು ನಡೆದುಹೋಗುತ್ತದೆ. ಗ್ಯಾಸ್‌ಗೆ ಬಂದ ಮೇಲೆ ನಡೆಯುವುದಿಲ್ಲ. ಮಲೆನಾಡಿನ ಮಳೆಗಾಲದ ಬೆಳಿಗ್ಗೆ ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಎಷ್ಟು ಓಡಿದರೂ ಸರಿಯಾಗಿ ಕಾಯುವುದಿಲ್ಲ. ಹೊಸದು ಹಾಕುವ ಮುಂಚೆ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ನೇತುಹಾಕಿ, ತೆರೆಯುತ್ತಾ ನೋಡಿ. ಅಂಗಡಿಯಿಂದ ತಂದ ಹೊಸದೂ ಕೆಟ್ಟಿರುವುದುಂಟು.

ಮೂರನೆಯದು ಹೋಸ್ ಎಲ್ಲಿಂದ ತೆಗೆದಿದ್ದಾರೆ ಎಂಬುದು. ಇಲ್ಲಿನ ಎಫ್‌ಸಿಗಳಲ್ಲಿ ಹೀಟರ್ ಇರುವುದು ಅಪರೂಪ, ಹಾಗಾಗಿ ಸಿದ್ಧ ಪಾಯಿಂಟ್ ಸಿಗುವುದಿಲ್ಲ. ಬಿಸಿ ನೀರನ್ನು ಅದು ಥರ್ಮೋಸ್ಟಾಟ್ ತಲುಪುವ ಮುಂಚೆಯೇ, ಹೆಡ್ ಕಡೆಯಿಂದ ತೆಗೆಯಬೇಕು. ವಾಪಸ್ ನೀರು ವಾಟರ್ ಪಂಪ್ ಎಳೆಯುವ ಕಡೆಗೆ ಸೇರಬೇಕು. ಥರ್ಮೋಸ್ಟಾಟ್ ದಾಟಿದ ಮೇಲೆ ರೇಡಿಯೇಟರ್ ಹೋಸ್‌ಗೆ ಟೀ ಜಾಯಿಂಟ್ ಹಾಕಿದ್ದರೆ, ಅದು ತೆರೆಯುವ ತನಕ ವೇಪರೈಸರ್‌ಗೆ ಹನಿ ನೀರೂ ಹೋಗುವುದಿಲ್ಲ.

ರೆಸ್ಟೋರ್ ಮಾಡುವಾಗ ಬ್ಲಾಕಿನ ನೀರಿನ ದಾರಿಯಲ್ಲಿದ್ದ ಹಳೇ ತುಕ್ಕಿನ ಕೆಸರು ಸರಿಯಾಗಿ ಹೋಗಿರದಿದ್ದರೆ ಅದು ಹೋಗಿ ಕೂರುವುದೂ ವೇಪರೈಸರ್‌ನ ಸಣ್ಣ ದಾರಿಯಲ್ಲೇ. ನೀರು ಕೆಂಪಗಿದ್ದರೆ ಬೇರೇನೂ ಯೋಚನೆ ಮಾಡದೆ ಪೂರ್ತಿ ಫ್ಲಶ್ ಮಾಡಿ, ಕೂಲೆಂಟ್ ಹಾಕಿ.

ಕಿಡಿ

ಗ್ಯಾಸ್ ಮತ್ತು ಗಾಳಿಯ ಮಿಶ್ರಣದಲ್ಲಿ ಕಿಡಿ ಹಾರಿಸಲು ಪೆಟ್ರೋಲ್‌ಗಿಂತ ಜಾಸ್ತಿ ವೋಲ್ಟೇಜ್ ಬೇಕು. ಸಿಲಿಂಡರ್ ತುಂಬಿದಷ್ಟೂ, ಅಂದರೆ ಲೋಡ್ ಏರಿದಷ್ಟೂ, ಇನ್ನೂ ಜಾಸ್ತಿ. ಹಳೇ ವೈರು, ಬಿರುಕು ಬಿಟ್ಟ ಡೆಲ್ಕೋ (ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್) ಮುಚ್ಚಳ ಇದ್ದರೆ ಕಿಡಿ ಪ್ಲಗ್‌ನಲ್ಲಿ ಹಾರುವ ಬದಲು ಸುಲಭದ ದಾರಿ ಹಿಡಿದು ಬ್ಲಾಕಿಗೆ ಹೋಗುತ್ತದೆ.

ಎಫ್‌ಸಿಯಲ್ಲಿ ಇದನ್ನು ಕಣ್ಣಿಂದಲೇ ನೋಡಬಹುದು. ರಾತ್ರಿ ಹೊತ್ತು, ಗ್ಯಾಸ್ ಟ್ಯಾಂಕ್ ವಾಲ್ವ್ ಬಂದ್ ಮಾಡಿ, ವಾಸನೆ ಏನೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಎಂಜಿನ್ನನ್ನು ಪೆಟ್ರೋಲ್‌ನಲ್ಲಿ ಓಡಿಸಿ. ಮುಚ್ಚಳ ತೆಗೆದು ಸೀಟಿನಲ್ಲೇ ಕೂತು ನೋಡಿ. ಆಗಾಗ ಆಕ್ಸಿಲರೇಟರ್ ತಟ್ಟನೆ ಒತ್ತಿ ಬಿಡಿ. ಪ್ಲಗ್ ವೈರ್ ಉದ್ದಕ್ಕೂ ಸಣ್ಣ ನೀಲಿ ಗೆರೆ ಓಡಿದರೆ, ಡೆಲ್ಕೋ ಸುತ್ತ ಮಿಂಚಿದರೆ, ಅಲ್ಲಿಗೆ ಮುಗಿಯಿತು. ವೈರ್ ಸೆಟ್, ಮುಚ್ಚಳ, ರೋಟರ್ ಮೂರನ್ನೂ ಬದಲಾಯಿಸಿ. ಒಂದೊಂದಾಗಿ ಬದಲಾಯಿಸುತ್ತಾ ಕೂರುವುದು ಸುಮ್ನೆ ಟೈಮ್ ವೇಸ್ಟ್.

ಆಮೇಲೆ ಡೆಲ್ಕೋ ಶಾಫ್ಟ್. ರೋಟರ್ ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಆಟ ಇದ್ದರೆ, ಒಳಗೆ ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಪಾಯಿಂಟ್‌ನ ಗ್ಯಾಪ್ ಎಷ್ಟು ಚೆನ್ನಾಗಿ ಇಟ್ಟರೂ ನಾಲ್ಕು ಸಿಲಿಂಡರ್‌ಗೂ ಬೇರೆ ಬೇರೆ ಆಗುತ್ತದೆ. ಗ್ಯಾಪ್ 0.50 ಮಿ.ಮೀ. ಇರಬೇಕು. ನಾಲ್ಕೂ ಕ್ಯಾಮ್ ಮೂಲೆಯಲ್ಲಿ ಅಳೆದು ನೋಡಿ, ವ್ಯತ್ಯಾಸ ಕಂಡರೆ ಬುಷ್ ಹಾಕಿಸಿ. ಎಂಜಿನ್ನಿಗೆ ಅಷ್ಟೆಲ್ಲ ಖರ್ಚು ಮಾಡಿದವರು ಈ ಸಣ್ಣ ಬುಷ್ ಯಾಕೆ ಬಿಡುತ್ತಾರೋ ನನಗೆ ಅರ್ಥ ಆಗಿಲ್ಲ.

ಕಿಡಿಗೆ ವೋಲ್ಟೇಜ್ ಏರಿಸುವ ಕಾಯಿಲ್‌ಗೆ ಎಷ್ಟು ಕರೆಂಟ್ ತಲುಪುತ್ತಿದೆ ಅಂತಲೂ ನೋಡಿ. ಪಾಯಿಂಟ್ ಮುಚ್ಚಿರುವಾಗ, ಕೀ ಆನ್ ಮಾಡಿ, ಬ್ಯಾಟರಿಯಿಂದ ಸಪ್ಲೈ ಹೊರಡುವ ತುದಿ ಮತ್ತು ಅದು ಕಾಯಿಲ್‌ಗೆ ಬಂದು ಸೇರುವ ತುದಿ, ಇವೆರಡರ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಮಧ್ಯದಲ್ಲಿ ವೋಲ್ಟೇಜ್ ಇಳಿಸುವ ಬ್ಯಾಲಸ್ಟ್ ರೆಸಿಸ್ಟರ್ ಇಲ್ಲದ ಗಾಡಿಯಲ್ಲಿ ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಕೀ ಸ್ವಿಚ್ಚೋ ವೈರ್ ಜಾಯಿಂಟೋ ತಿನ್ನುತ್ತಿದೆ. ಇದೇ ಹಳೇ ಸ್ವಿಚ್ಚಿನಿಂದಲೇ ಗ್ಯಾಸ್ ಸೊಲೆನಾಯ್ಡ್‌ಗೂ (ಕರೆಂಟ್‌ನಿಂದ ತೆರೆಯುವ ವಾಲ್ವ್) ಲೈನ್ ಎಳೆದಿದ್ದರೆ ಎರಡೂ ಉಪವಾಸ. ಸೊಲೆನಾಯ್ಡ್‌ಗೆ ಬೇರೆ ರಿಲೇ, ಫ್ಯೂಸ್ ಹಾಕಿಸಿ. ಎಂಜಿನ್ ನಿಂತರೆ ಕೀ ಆನ್ ಇದ್ದರೂ ಸೊಲೆನಾಯ್ಡ್ ಬಂದ್ ಆಗುವಂಥ ರಿಲೇಯೇ ಬೇಕು.

ಪ್ಲಗ್ ಗ್ಯಾಪ್ ಪೆಟ್ರೋಲ್‌ಗೆ 0.75 ಮಿ.ಮೀ. ಇಡುತ್ತಿದ್ದೆವು. ಗ್ಯಾಸ್‌ಗೆ 0.60ರಿಂದ 0.65ಕ್ಕೆ ಇಳಿಸಿ. ಟೈಮಿಂಗ್ ಕಂಪನಿ ಲೆಕ್ಕದಲ್ಲಿ ಟಿಡಿಸಿಗೆ (ಪಿಸ್ಟನ್ ಪೂರ್ತಿ ಮೇಲಿರುವ ಜಾಗ) 5 ಡಿಗ್ರಿ ಮುಂಚೆ. ಗ್ಯಾಸ್‌ಗೆ ಮೂರು ನಾಲ್ಕು ಡಿಗ್ರಿ ಜಾಸ್ತಿ ಕೊಟ್ಟು ಓಡಿಸಿ ನೋಡಿ. ಕಂಪ್ರೆಷನ್ ಕಮ್ಮಿ ಇರುವುದರಿಂದ ಪೆಟ್ರೋಲ್‌ಗೆ ಬದಲಾಯಿಸಿದಾಗಲೂ ಸಾಮಾನ್ಯವಾಗಿ ನಾಕಿಂಗ್ ಬರುವುದಿಲ್ಲ. ಬಂದರೆ ಒಂದೆರಡು ಡಿಗ್ರಿ ಹಿಂದಕ್ಕೆ.

ಪ್ಲಗ್ ಬಿಚ್ಚಿ ಬಣ್ಣ ನೋಡುವ ಅಭ್ಯಾಸ ಇರುವವರಿಗೆ ಒಂದು ಎಚ್ಚರಿಕೆ. ಗ್ಯಾಸ್‌ನಲ್ಲಿ ಓಡಿದ ಪ್ಲಗ್ ಬಿಳಿ ಬೂದು ಬಣ್ಣಕ್ಕೆ ಇರುವುದು ಸಹಜ. ಅದನ್ನು ನೋಡಿ ಮಿಶ್ರಣ ಲೀನ್ ಆಗಿದೆ (ಗ್ಯಾಸ್ ಕಮ್ಮಿ, ಗಾಳಿ ಜಾಸ್ತಿ) ಅಂತ ಸ್ಕ್ರೂ ತಿರುಗಿಸಬೇಡಿ.

ಗಾಳಿ

ಈ ಎಂಜಿನ್ನಿನ ಒಂದು ವಿಶೇಷ ಇಲ್ಲಿ ಅನುಕೂಲಕ್ಕೆ ಬರುತ್ತದೆ. ಇನ್‌ಟೇಕ್ ವಾಲ್ವ್ ಹೆಡ್‌ನಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿ. ಸಿಲಿಂಡರ್‌ಗಳಿಗೆ ಮಿಶ್ರಣ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಪ್ರತ್ಯೇಕ ಇಲ್ಲ, ಹೆಡ್ ಜೊತೆಗೇ ಎರಕ ಹೊಯ್ದಿದ್ದಾರೆ. ಹಾಗಾಗಿ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರುವ ಪ್ರಶ್ನೆಯೇ ಇಲ್ಲ. ಅನುಮಾನ ಪಡಬೇಕಾದ ಜಾಗಗಳು ಕೆಲವೇ: ಕಾರ್ಬ್ಯುರೇಟರ್ ಬುಡದ ಗ್ಯಾಸ್ಕೆಟ್, ಸವೆದ ಥ್ರಾಟಲ್ ಶಾಫ್ಟ್, ಕ್ರ್ಯಾಂಕ್‌ಕೇಸ್‌ನಿಂದ ಬರುವ ವೆಂಟಿಲೇಶನ್ ವಾಲ್ವ್, ಮತ್ತು ವೈಪರ್ ವ್ಯಾಕ್ಯೂಮ್‌ನಲ್ಲಿ ಓಡುವಂಥದ್ದಾದರೆ ಅದರ ರಬ್ಬರ್ ಪೈಪ್. ಹಳೇ ಗಾಡಿಗಳಲ್ಲಿ ಥ್ರಾಟಲ್ ಶಾಫ್ಟ್ ಸವೆದಿಲ್ಲದ ಕಾರ್ಬ್ಯುರೇಟರ್ ನಾನು ನೋಡಿದ್ದು ಕಮ್ಮಿ. ಐಡ್ಲಿಂಗ್‌ನಲ್ಲಿ ಅದರ ಮೇಲೆ ಸ್ವಲ್ಪ ನೀರು ಚಿಮುಕಿಸಿ. ಎಂಜಿನ್ ಸದ್ದು ಬದಲಾದರೆ ಅಲ್ಲೇ ಸೋರಿಕೆ. ಇದಕ್ಕೆ ಪೆಟ್ರೋಲ್ ಚಿಮುಕಿಸುವವರಿದ್ದಾರೆ, ದಯವಿಟ್ಟು ಬೇಡ.

ವ್ಯಾಕ್ಯೂಮ್ ಗೇಜ್ ಇದ್ದರೆ ಕೆಲಸ ಇನ್ನೂ ಸಲೀಸು. ಒಳ್ಳೆಯ ಎಂಜಿನ್ ಸಮುದ್ರ ಮಟ್ಟದಲ್ಲಿ ಐಡ್ಲಿಂಗ್‌ನಲ್ಲಿ 17ರಿಂದ 21 ಇಂಚು ಪಾದರಸ ತೋರಿಸಬೇಕು, ಮುಳ್ಳು ಅಲುಗಬಾರದು. ಆದರೆ ಪ್ರತಿ 1,000 ಅಡಿ ಎತ್ತರಕ್ಕೆ ಒಂದು ಇಂಚು ಕಳೆಯಿರಿ. ಮಂಗಳೂರಿನಲ್ಲಿ 18 ತೋರಿಸಿದ ಎಂಜಿನ್ ಬೆಂಗಳೂರಿಗೆ ಬಂದರೆ 15 ತೋರಿಸುತ್ತದೆ. ಗಾಬರಿ ಬೇಡ. ಮುಳ್ಳು ಒಂದೇ ತಾಳದಲ್ಲಿ ಕೆಳಗೆ ಬಡಿಯುತ್ತಿದ್ದರೆ ಒಂದು ವಾಲ್ವ್ ಸರಿಯಾಗಿ ಕೂರುತ್ತಿಲ್ಲ.

ಏರ್ ಫಿಲ್ಟರ್ ಆಯಿಲ್ ಬಾತ್ ಇದ್ದರೆ ಆಯಿಲನ್ನು ಗೆರೆಗಿಂತ ಮೇಲೆ ತುಂಬಬೇಡಿ. ಉಸಿರು ಕಟ್ಟಿದರೆ ಮಿಕ್ಸರ್ ಗ್ಯಾಸನ್ನು ಜಾಸ್ತಿ ಎಳೆಯುತ್ತದೆ. ಆಗ ಮೇಲಿನ ಆರ್‌ಪಿಎಂನಲ್ಲಿ ಗಾಡಿ ಮುಗ್ಗರಿಸುತ್ತದೆ.

ಗ್ಯಾಸ್

ಇಲ್ಲಿಗೆ ಬರುವಷ್ಟರಲ್ಲಿ ಮುಕ್ಕಾಲುವಾಸಿ ಗಾಡಿಗಳು ಸರಿಯಾಗಿರುತ್ತವೆ. ಉಳಿದವಕ್ಕೆ ನೋಡಬೇಕಾದ್ದು ಇಷ್ಟು.

ಟ್ಯಾಂಕ್ ವಾಲ್ವನ್ನು ಗಡಬಡಿಸಿ ತೆರೆದರೆ ಪೈಪ್ ತುಂಡಾಗಿದೆ ಅಂದುಕೊಂಡು ಸೇಫ್ಟಿ ವಾಲ್ವ್ ಮುಚ್ಚಿಕೊಳ್ಳುತ್ತದೆ. ಸಣ್ಣ ತೂತಿನಿಂದ ಐಡ್ಲಿಂಗ್‌ಗೆ ಸಾಕಾಗುವಷ್ಟು ಗ್ಯಾಸ್ ಬರುತ್ತಿರುತ್ತದೆ, ಏರಿಗೆ ಸಾಲುವುದಿಲ್ಲ. ವಾಲ್ವ್ ಬಂದ್ ಮಾಡಿ, ಸ್ವಲ್ಪ ಕಾದು, ನಿಧಾನಕ್ಕೆ ತೆರೆಯಿರಿ. ಬರೀ ಇಷ್ಟರಿಂದಲೇ ಸರಿಹೋದ ಗಾಡಿಗಳಿವೆ.

ಸೊಲೆನಾಯ್ಡ್ ಒಳಗಿನ ಫಿಲ್ಟರ್ ಬಿಚ್ಚಿ ನೋಡಿ. ಹೊಸ ತಾಮ್ರದ ಪೈಪ್ ಕತ್ತರಿಸಿದಾಗ ಬಿದ್ದ ಚೂರು ಮೊದಲ ದಿನಗಳಲ್ಲೇ ಅಲ್ಲಿ ಸೇರುತ್ತದೆ. ವೇಪರೈಸರ್‌ನ ಅಡಿಯಲ್ಲಿ ಡ್ರೇನ್ ಇದ್ದರೆ, ಎಂಜಿನ್ ಬೆಚ್ಚಗಿರುವಾಗ, ಎಂಜಿನ್ ಆಫ್ ಮಾಡಿ, ಗ್ಯಾಸ್ ಬಂದ್ ಮಾಡಿ ತೆರೆಯಿರಿ. ಕಂದು ಬಣ್ಣದ, ಕೆಟ್ಟ ನಾತದ ಎಣ್ಣೆ ಇಳಿಯುತ್ತದೆ. ಅದು ಜಾಸ್ತಿಯಾದರೆ ಡಯಾಫ್ರಂ ಬಿಗಿಯಾಗುತ್ತದೆ.

ಪೆಟ್ರೋಲ್ ಸೊಲೆನಾಯ್ಡ್ ಸೋರುತ್ತಿದ್ದರೆ ಎರಡೂ ಇಂಧನ ಒಟ್ಟಿಗೆ ಹೋಗಿ ಎಂಜಿನ್ ಉಸಿರುಕಟ್ಟುತ್ತದೆ. ಗ್ಯಾಸ್‌ನಲ್ಲಿ ಓಡುವಾಗ ಕಾರ್ಬ್ಯುರೇಟರ್ ಬೌಲ್ ಒಣಗಿರಬೇಕು. ಪೆಟ್ರೋಲ್‌ನಿಂದ ಬದಲಾಯಿಸುವಾಗಲೂ ಬೌಲ್ ಖಾಲಿಯಾಗುವ ತನಕ ಸ್ವಿಚ್ಚನ್ನು ಮಧ್ಯದಲ್ಲಿಡಿ.

ಸ್ಕ್ರೂ ಕೊನೆಗೆ. ಎಂಜಿನ್ ಪೂರ್ತಿ ಕಾದ ಮೇಲೆ, ಸುಮಾರು 2,500 ಆರ್‌ಪಿಎಂನಲ್ಲಿ ಥ್ರಾಟಲ್ ಹಿಡಿದು, ಗ್ಯಾಸ್ ಹರಿವು ಹೊಂದಿಸುವ ಪವರ್ ಸ್ಕ್ರೂವನ್ನು ಆರ್‌ಪಿಎಂ ಬೀಳುವ ತನಕ ಒಂದು ಕಡೆ, ಮತ್ತೆ ಬೀಳುವ ತನಕ ಇನ್ನೊಂದು ಕಡೆ ತಿರುಗಿಸಿ, ನಡುವೆ ನಿಲ್ಲಿಸಿ. ಆಮೇಲೆ ಎಮಿಷನ್ ಟೆಸ್ಟ್ ಸೆಂಟರ್‌ಗೆ ಹೋಗಿ ಹೊಗೆಯಲ್ಲಿ ಸಿಒ (ಕಾರ್ಬನ್ ಮೊನಾಕ್ಸೈಡ್) ಎಷ್ಟು ಅಂತ ನೋಡಿಸಿ. ಮಿಶ್ರಣ ಲೀನ್ ಇಟ್ಟು ಮೈಲೇಜ್ ತೆಗೆಯಲು ಹೋಗಬೇಡಿ. ಲೀನ್ ಮಿಶ್ರಣಕ್ಕೆ ದುರ್ಬಲ ಕಿಡಿ ಸೇರಿದರೆ ಬ್ಯಾಕ್‌ಫೈರ್ ಆಗಿ ಏರ್ ಫಿಲ್ಟರ್ ಮುಚ್ಚಳ ಹಾರುತ್ತದೆ, ಅದೂ ನಿಮ್ಮ ಮೊಣಕೈ ಪಕ್ಕದಲ್ಲೇ. ಲೀಟರ್ ಲೆಕ್ಕದಲ್ಲಿ ಗ್ಯಾಸ್ ಪೆಟ್ರೋಲ್‌ಗಿಂತ 20ರಿಂದ 30 ಪರ್ಸೆಂಟ್ ಜಾಸ್ತಿ ಖರ್ಚಾಗುವುದು ಸಹಜ.

ಕಾಗದ

ಇಂಧನ ಬದಲಾಯಿಸಿದರೆ ಆರ್‌ಟಿಒದಲ್ಲಿ ಆರ್‌ಸಿಗೆ ಸೇರಿಸಲೇಬೇಕು, ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ. ಕಿಟ್‌ಗೆ ಅನುಮೋದನೆ ಇರಬೇಕು, ಟ್ಯಾಂಕಿನ ಮರುಪರೀಕ್ಷೆ ಕಾಲಕಾಲಕ್ಕೆ ಆಗಬೇಕು. ಕಿಟ್ ಕೊಳ್ಳುವ ಮುಂಚೆಯೇ ನಿಮ್ಮ ಗಾಡಿಗೆ ಅದು ನಡೆಯುತ್ತಾ ಅಂತ ಆರ್‌ಟಿಒದಲ್ಲಿ ಕೇಳಿ. 2021ರ ವಿಂಟೇಜ್ ನಿಯಮದಲ್ಲಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ಮಾತ್ರ ವಿಂಟೇಜ್ ನೋಂದಣಿ. ಆ ನಂಬರ್ ಪ್ಲೇಟ್ ಆಸೆ ಇದ್ದರೆ ಗ್ಯಾಸ್ ಯೋಚನೆ ಬಿಡಿ.

ಸರಿಹೋದ ಮೇಲೆ ವಾಲ್ವ್

ಗ್ಯಾಸ್ ಒಣ ಇಂಧನ. ಹಳೇ ಎಂಜಿನ್ನಿನ ಎಕ್ಸಾಸ್ಟ್ ವಾಲ್ವ್ ಸೀಟ್ (ಮುಚ್ಚಿದಾಗ ವಾಲ್ವ್ ಕೂರುವ ಅಂಚು) ಇದರಲ್ಲಿ ಬೇಗ ಸವೆಯಬಹುದು. ಸೀಟ್ ಸವೆದಂತೆ ವಾಲ್ವ್ ಒಳಗಿಳಿಯುತ್ತದೆ, ಟ್ಯಾಪೆಟ್ ಗ್ಯಾಪ್ (ವಾಲ್ವ್ ಮತ್ತು ಅದನ್ನು ತಳ್ಳುವ ಭಾಗದ ನಡುವಿನ ಸಂದು) ಕಿರಿದಾಗುತ್ತಾ ಬರುತ್ತದೆ. ಟಕಟಕ ಸದ್ದು ನಿಂತು ಎಂಜಿನ್ ಮೆತ್ತಗಾಗಿದೆ ಅಂತ ಖುಷಿ ಪಡುತ್ತಾರೆ, ಆದರೆ ಅದು ಕೆಟ್ಟ ಸುದ್ದಿ. ಗ್ಯಾಪ್ ಪೂರ್ತಿ ಹೋದರೆ ವಾಲ್ವ್ ಮುಚ್ಚದೆ ಸುಟ್ಟುಹೋಗುತ್ತದೆ.

ಎಂಜಿನ್ ತಣ್ಣಗಿರುವಾಗ ಇನ್‌ಟೇಕ್ 0.46 ಮಿ.ಮೀ., ಎಕ್ಸಾಸ್ಟ್ 0.41 ಮಿ.ಮೀ. ಇನ್‌ಟೇಕ್ ಮೇಲಿನ ರಾಕರ್ ಕವರ್ ತೆಗೆದರೆ ಸಿಗುತ್ತದೆ, ಎಕ್ಸಾಸ್ಟ್‌ಗೆ ಬ್ಲಾಕಿನ ಪಕ್ಕದ ಕವರ್ ತೆಗೆಯಬೇಕು. ಕೈ ಹೋಗುವುದು ಕಷ್ಟ, ಅದಕ್ಕೇ ಯಾರೂ ನೋಡುವುದಿಲ್ಲ. ಗ್ಯಾಸ್ ಹಾಕಿದ ಮೊದಲ 1,000 ಕಿ.ಮೀ.ಗೆ ಒಮ್ಮೆ, ಆಮೇಲೆ 3,000ಕ್ಕೊಮ್ಮೆ ನಾಲ್ಕೂ ಎಕ್ಸಾಸ್ಟ್ ಗ್ಯಾಪ್ ಅಳೆದು ಬರೆದಿಡಿ. ಒಂದೇ ವಾಲ್ವ್ ಪ್ರತಿ ಸಲ ಕಿರಿದಾಗುತ್ತಿದ್ದರೆ ಅಡ್ಜಸ್ಟ್ ಮಾಡಿ ಮುಂದೂಡಬೇಡಿ. ಸೀಟ್ ಬ್ಲಾಕಿನಲ್ಲಿರುವುದರಿಂದ ಹೆಡ್ ಮಾತ್ರ ಕಳಿಸಿದರೆ ಪ್ರಯೋಜನ ಇಲ್ಲ. ಎಂಜಿನ್ ಇಳಿಸಿ, ಬ್ಲಾಕಿಗೆ ಗಟ್ಟಿ ಲೋಹದ ಸೀಟ್ ಕೂರಿಸುವ ಮಷೀನ್ ಶಾಪಿಗೆ ಒಯ್ಯಿರಿ, ನಾಲ್ಕನ್ನೂ ಒಟ್ಟಿಗೆ ಮಾಡಿಸಿ.